ಯಾವ ಪಾರ್ಟಿಷನ್ ಕಣೋ?

"ಪಾರ್ಟಿಷನ್ ಹೋಯ್ತು ಮಗಾ. ಪೂರ್ತಿ ಹೋಯ್ತು."

ರಾತ್ರಿ ಹನ್ನೊಂದೂವರೆಗೆ ನಾನು ಗೆಳೆಯನಿಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ. ನಡುಮನೆಯಲ್ಲಿ ಮಲಗಿದ್ದ ಅಮ್ಮ ಅರ್ಧ ನಿದ್ದೆಯಲ್ಲಿ ಎದ್ದು ಬಂದಳು. "ಯಾವ ಪಾರ್ಟಿಷನ್ ಕಣೋ? ಗುಬ್ಬೀದಾ? ನಿಮ್ಮ ಚಿಕ್ಕಪ್ಪ ಏನಾದ್ರೂ ಕೇಸ್ ಹಾಕಿದ್ರಾ?"

ನಮ್ಮ ಮನೆಯಲ್ಲಿ ಆ ಪದಕ್ಕೆ ಇರುವುದು ಒಂದೇ ಅರ್ಥ. 2012ರಲ್ಲಿ ಗುಬ್ಬಿ ತಾಲ್ಲೂಕಿನ ನಮ್ಮ ಜಮೀನು ಅಪ್ಪನಿಗೂ ಚಿಕ್ಕಪ್ಪನಿಗೂ ಪಾಲಾಯಿತು. ತೆಂಗಿನ ತೋಟ, ರಾಗಿ ಹೊಲ, ಒಂದು ಬೋರ್‌ವೆಲ್. ತೋಟ, ಹೊಲ ಸುಲಭವಾಗಿ ಪಾಲಾದವು. ಬೋರ್‌ವೆಲ್ಲನ್ನು ಎರಡು ಮಾಡೋಕಾಗುತ್ತಾ? ಅಲ್ಲಿಂದ ಶುರುವಾದ ಮಾತು ಎಲ್ಲೆಲ್ಲಿಗೋ ಹೋಗಿ, ಅಪ್ಪ ಚಿಕ್ಕಪ್ಪನ ಮನೆ ಹೊಸಿಲು ತುಳಿಯುವುದನ್ನೇ ಬಿಟ್ಟರು. ಮದುವೆ, ತಿಥಿಗಳಲ್ಲಿ ಎದುರಾದರೆ "ಚೆನ್ನಾಗಿದೀಯಾ?" "ಹೂಂ." ಮುಗೀತು.

ನಾನು ಹೇಳಿದ್ದು ಹಾರ್ಡ್‌ಡಿಸ್ಕಿನ ಪಾರ್ಟಿಷನ್ ಅಂತ ತಿಳಿದ ಮೇಲೆ ಅಮ್ಮ "ಅಯ್ಯೋ ಅಷ್ಟೇನಾ, ಜೀವ ಹೋದಂಗಾಗಿತ್ತು" ಅಂತ ಹೋಗಿ ಮಲಗಿದಳು. ಅಷ್ಟೇ ಅಲ್ಲಮ್ಮಾ ಅಂತ ಹೇಳುವ ಧೈರ್ಯ ನನಗೆ ಬರಲಿಲ್ಲ. ಆ ಪಾರ್ಟಿಷನ್ನಿನಲ್ಲಿ ಮನೆಯ ಹದಿನೈದು ವರ್ಷದ ಫೋಟೊಗಳಿದ್ದವು. ಅಜ್ಜಿಯ ದನಿ ಇತ್ತು.

ನಾನು ತುಮಕೂರಿನಲ್ಲೇ ಎಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ, 2020ರ ಮಾರ್ಚಿನಲ್ಲಿ ಒಂದು ಬ್ಯಾಗ್ ಹಿಡಿದು ಎರಡು ವಾರಕ್ಕೆ ಅಂತ ಮನೆಗೆ ಬಂದವನು. ಎರಡು ವಾರ ಎರಡು ವರ್ಷವಾಯಿತು. ಆಮೇಲೂ ವಾರಕ್ಕೆರಡು ದಿನ ರೈಲಿನಲ್ಲಿ ಹೋಗಿ ಬರ್ತೀನಿ, ಮಿಕ್ಕ ದಿನ ಮಹಡಿ ಮೇಲಿನ ಕೋಣೆಯೇ ಆಫೀಸು. ನಿಮ್ಮಲ್ಲೂ ಎಷ್ಟೋ ಜನರ ಕಥೆ ಇದೇ ಇರಬಹುದು.

2021ರ ಜೂನ್ 1ರಿಂದ ಗೂಗಲ್ ಫೋಟೋಸ್‌ನಲ್ಲಿ ಪುಕ್ಕಟೆಯಾಗಿ ಎಷ್ಟು ಬೇಕಾದರೂ ಫೋಟೊ ಇಡುವ ಸೌಲಭ್ಯ ನಿಂತಿತು ನೋಡಿ. ಆಮೇಲಿನದೆಲ್ಲ 15 ಜಿಬಿ ಲೆಕ್ಕಕ್ಕೆ ಸೇರುತ್ತೆ. ಅಮ್ಮನ ಫೋನು ಅದೇ ವರ್ಷ "ಸ್ಟೋರೇಜ್ ಫುಲ್" ಅಂತ ಗೋಳಾಡಲು ಶುರು ಮಾಡಿತು. ತಿಂಗಳಿಗೆ ನೂರು ಚಿಲ್ಲರೆ ರೂಪಾಯಿ ಕಟ್ಟಿದ್ದರೆ ಸಾಕಿತ್ತು. ಆದರೆ ನಾನು ಎಂಜಿನಿಯರ್ ಅಲ್ವಾ? ನೂರು ರೂಪಾಯಿಯ ಕೆಲಸಕ್ಕೆ ಹತ್ತು ಸಾವಿರ ಖರ್ಚು ಮಾಡಿ, ಮೂರು ವಾರಾಂತ್ಯ ಕೂತು, ಅದನ್ನು ಉಳಿತಾಯ ಅಂತ ಕರೀದೆ ಹೋದರೆ ನಮಗೆ ಸಮಾಧಾನ ಇರಲ್ಲ.

ಕಾಲೇಜಿನಲ್ಲಿದ್ದಾಗ ತಗೊಂಡ ಹಳೇ ಕಂಪ್ಯೂಟರ್ ಅಟ್ಟದ ಮೇಲಿತ್ತು. ಅದನ್ನು ಇಳಿಸಿ, ಧೂಳು ಹೊಡೆದು, ಆಪರೇಟಿಂಗ್ ಸಿಸ್ಟಂಗೆ ಅಂತ ಒಂದು ಸಣ್ಣ ಎಸ್‌ಎಸ್‌ಡಿ, ಫೋಟೊಗಳಿಗೆ ಅಂತ 4 ಟಿಬಿಯ ಒಂದು ಹಾರ್ಡ್‌ಡಿಸ್ಕ್ ಹಾಕಿದೆ. ಓಪನ್‌ಮೀಡಿಯಾವಾಲ್ಟ್ ಅನ್ನೋ ಉಚಿತ ತಂತ್ರಾಂಶ ಹಾಕಿ, ರೂಟರಿಗೆ ಜೋಡಿಸಿದೆ. ಇದಕ್ಕೇ ನ್ಯಾಸ್ ಅನ್ನುವುದು. ಸರಳವಾಗಿ ಹೇಳಬೇಕೆಂದರೆ ಮನೆಗೆಲ್ಲ ಒಂದೇ ಬೀರು. ಅಮ್ಮನ ಫೋನು, ನನ್ನ ಲ್ಯಾಪ್‌ಟಾಪು, ನಡುಮನೆಯ ಟಿವಿ, ಎಲ್ಲವೂ ವೈಫೈ ಮೂಲಕ ಅದರ ಬಾಗಿಲು ತೆಗೆದು ಸಾಮಾನು ಇಟ್ಟು ತೆಗೆಯಬಹುದು.

ಡಿಸ್ಕ್ ಹಾಕಿದ ದಿನ ಅಪ್ಪ ಪಕ್ಕ ಬಂದು ನಿಂತಿದ್ದರು. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿ ನಿವೃತ್ತರಾದವರು. ಸ್ಕ್ರೀನಿನಲ್ಲಿ 3.63 ಅಂತ ಬಂದದ್ದು ನೋಡಿ, "ನಾಲ್ಕು ಅಂತ ದುಡ್ಡು ತಗೊಂಡು ಮೂರೂವರೆ ಚಿಲ್ಲರೆ ಕೊಟ್ಟವ್ನಲ್ಲ, ಯಾವ ತಕ್ಕಡೀಲಿ ತೂಗಿದ?" ಅಂದರು. ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಎಣಿಸ್ತಾರೆ, ಕಂಪ್ಯೂಟರು 1024ರ ಲೆಕ್ಕದಲ್ಲಿ ಎಣಿಸುತ್ತೆ ಅಂದೆ. ಪೇಪರಿನ ಅಂಚಿನಲ್ಲಿ ನಾಲ್ಕರ ಮುಂದೆ ಹನ್ನೆರಡು ಸೊನ್ನೆ ಬರೆದು 1024ರಿಂದ ನಾಲ್ಕು ಸಲ ಭಾಗಿಸಿ ನೋಡಿ, "ಸರಿ ಇದೆ" ಅಂತ ಒಪ್ಪಿಕೊಂಡ ಮೇಲೇ ಹೋದರು.

ನನ್ನ ಮೊದಲ ತಪ್ಪು ಆವತ್ತೇ ಆಯಿತು. ನಾವೆಲ್ಲ ಓದುವಾಗ ಅಂಗಡಿಯವರು ಕಂಪ್ಯೂಟರ್ ಜೋಡಿಸಿ ಕೊಟ್ಟರೆ ಸಿ ಡ್ರೈವ್, ಡಿ ಡ್ರೈವ್, ಇ ಡ್ರೈವ್ ಅಂತ ಪಾಲು ಮಾಡಿಯೇ ಕೊಡುತ್ತಿದ್ದರು, ನೆನಪಿದೆಯಾ? ವಿಂಡೋಸ್ ಕೆಟ್ಟರೆ ಸಿ ಮಾತ್ರ ಫಾರ್ಮ್ಯಾಟ್, ಡಿಯಲ್ಲಿರೋ ಸಿನಿಮಾ ಸೇಫ್. ಆ ಅಭ್ಯಾಸದಲ್ಲೇ ನಾನೂ ಗೆರೆ ಎಳೆದೆ. ಫೋಟೊಗೆ 1 ಟಿಬಿ. ಅದರ ಪಕ್ಕಕ್ಕೆ ದಾಖಲೆಗಳಿಗೆ ಅರ್ಧ ಟಿಬಿ: ಪಹಣಿ, ಕ್ರಯಪತ್ರ, ವಿಭಾಗಪತ್ರದ ಸ್ಕ್ಯಾನು, ಮಾರ್ಕ್ಸ್‌ಕಾರ್ಡು ಎಲ್ಲ. ಮಿಕ್ಕದ್ದು ಸಿನಿಮಾಗೆ. ನೋಡೋಕೆ ಬಹಳ ಶಿಸ್ತಾಗಿತ್ತು. ನ್ಯಾಸ್‌ನಲ್ಲಿ ಆಪರೇಟಿಂಗ್ ಸಿಸ್ಟಂ ಬೇರೆ ಡಿಸ್ಕಿನಲ್ಲೇ ಇರುವಾಗ ಹೀಗೆ ಗೋಡೆ ಕಟ್ಟುವ ಅಗತ್ಯವೇ ಇಲ್ಲ, ಮೂರು ಫೋಲ್ಡರ್ ಮಾಡಿದ್ದರೆ ಸಾಕಿತ್ತು ಅಂತ ಹೊಳೆಯಲು ಎರಡು ವರ್ಷ ಹಿಡಿಯಿತು.

2023ರ ಬೇಸಿಗೆ ಹೊತ್ತಿಗೆ ಫೋಟೊ ಪಾಲು ತುಂಬಿ ತುಳುಕಿತು. ಅಕ್ಕನ ಮಗುವಿನ ವಿಡಿಯೊಗಳೇ ಅರ್ಧ. ದಾಖಲೆಗಳ ಪಾಲಿನಲ್ಲಿ ನೂರಕ್ಕೆ ಎರಡು ಭಾಗ ಕೂಡ ತುಂಬಿರಲಿಲ್ಲ. ಸಿನಿಮಾ ಪಾಲಂತೂ ಬೀಳು ಬಿದ್ದಿತ್ತು. ಈಗ ಯಾರು ಡೌನ್‌ಲೋಡ್ ಮಾಡಿ ನೋಡ್ತಾರೆ? ಫೋಟೊ ಪಾಲನ್ನು ದೊಡ್ಡದು ಮಾಡಬೇಕೆಂದರೆ ಅದರ ಒತ್ತಿಗೇ ಖಾಲಿ ಜಾಗ ಇರಬೇಕು. ನಡುವೆ ದಾಖಲೆಗಳ ಪಾಲು ಕೂತಿದೆ. ಆಚೆ ಎಷ್ಟು ಎಕರೆ ಖಾಲಿ ಬಿದ್ದಿದ್ದರೇನು, ಮಧ್ಯೆ ಇನ್ನೊಬ್ಬರ ಹೊಲ ಇದ್ದರೆ ಬದು ಸರಿಸೋಕಾಗಲ್ಲ.

ಅದಕ್ಕೆ ಇನ್ನೊಂದು 4 ಟಿಬಿ ಡಿಸ್ಕ್ ತಂದೆ. ಅದೇ ಕಂಪನಿ, ಅದೇ ಮಾಡೆಲ್, ಅವಳಿ-ಜವಳಿ. ದಾಖಲೆಗಳನ್ನು ಹೊಸ ಡಿಸ್ಕಿಗೆ ಸಾಗಿಸಿ, ನಡುವಿನ ಪಾಲು ಅಳಿಸಿ, ಫೋಟೊ ಪಾಲನ್ನು ಹಿಗ್ಗಿಸುವುದು, ಆಮೇಲೆ ಎಲ್ಲದರ ಬ್ಯಾಕಪ್ಪನ್ನು ಹೊಸದರಲ್ಲಿ ಇಡುವುದು ಪ್ಲಾನು. ಆವತ್ತಿನವರೆಗೂ ಫೋಟೊಗಳ ಎರಡನೇ ಪ್ರತಿ ಎಲ್ಲೂ ಇರಲಿಲ್ಲ ಅನ್ನೋದನ್ನು ಇಲ್ಲಿ ಮುಚ್ಚಿಡಲ್ಲ. ಬೇರೆಯವರ ಸರ್ವರಿಗೆ ದಿನಕ್ಕೆ ಮೂರು ಸಲ ಬ್ಯಾಕಪ್ ತೆಗೆಯೋ ಕೆಲಸಕ್ಕೆ ಸಂಬಳ ತಗೊಳ್ಳೋನು ನಾನು.

ಲಿನಕ್ಸ್‌ನಲ್ಲಿ ಡಿಸ್ಕುಗಳಿಗೆ ಎಸ್‌ಡಿಎ, ಎಸ್‌ಡಿಬಿ ಅಂತ ಹೆಸರು ಬರುತ್ತೆ. ಚೀಟಿಯಲ್ಲಿ ಬರೆದಿಟ್ಟುಕೊಂಡೆ: ಎ ಹಳೇದು, ಬಿ ಹೊಸದು. ಪಾಲುಗಳನ್ನು ಸರಿಸುವಾಗ ಅವು ಬಳಕೆಯಲ್ಲಿ ಇರಬಾರದು, ಹಾಗಾಗಿ ಪೆನ್‌ಡ್ರೈವಿನಿಂದ ಜಿಪಾರ್ಟೆಡ್ ಹಾಕಿ ಬೂಟ್ ಮಾಡಿದೆ. ಹೊಸ ಡಿಸ್ಕನ್ನು ಮೊದಲು ನಾನು ಬೇರೆ ರೀತಿ ಫಾರ್ಮ್ಯಾಟ್ ಮಾಡಿದ್ದೆ, ಅದನ್ನು ಅಳಿಸಿ ಹೊಸದಾಗಿ ಶುರು ಮಾಡೋಣ ಅಂತ ಬಿಗೆ ಹೊಸ ಪಾರ್ಟಿಷನ್ ಪಟ್ಟಿ ಬರೆಯಲು ಹೇಳಿದೆ. ಈ ಡಿಸ್ಕಿನಲ್ಲಿರೋದೆಲ್ಲ ಹೋಗುತ್ತೆ, ಮುಂದುವರೀಲಾ ಅಂತ ಅದು ಕೇಳಿತು. ದಿನಕ್ಕೆ ಇಂಥ ಇಪ್ಪತ್ತು ಪ್ರಶ್ನೆಗೆ ಹೂಂ ಅಂದು ರೂಢಿ. ಹೂಂ ಅಂದೆ.

ಆ ಹೆಸರುಗಳು ಡಿಸ್ಕಿನ ಸ್ವಂತ ಹೆಸರಲ್ಲ. ಬೂಟ್ ಆಗುವಾಗ ಯಾವುದು ಮೊದಲು ಸಿಕ್ಕಿತೋ ಅದು ಎ, ಆಮೇಲೆ ಸಿಕ್ಕಿದ್ದು ಬಿ. ಪೆನ್‌ಡ್ರೈವಿನಿಂದ ಬೂಟ್ ಮಾಡಿದಾಗ ಸಾಲು ಬದಲಾಗಿತ್ತು. ಇದು ನನಗೆ ಗೊತ್ತಿಲ್ಲದ ವಿಷಯ ಅಲ್ಲ, ಇಂಟರ್‌ವ್ಯೂಗಳಲ್ಲಿ ಹುಡುಗರಿಗೆ ಕೇಳ್ತೀನಿ. ಮುಂದಿನ ಕಮಾಂಡಿಗೆ ಮುಂಚೆ ಸುಮ್ಮನೆ ಪಟ್ಟಿ ತೆಗೆದು ನೋಡಿದರೆ ಹೊಸ ಡಿಸ್ಕು ಹಾಗೇ ಇದೆ. ಮೂರು ಪಾಲು ಇದ್ದ ಹಳೇ ಡಿಸ್ಕು ಖಾಲಿ.

ಗೆಳೆಯನಿಗೆ ಫೋನ್ ಮಾಡಿದ್ದು ಆಗ. ಅವನು ಸ್ಟೋರೇಜ್ ಕಂಪನಿಯೊಂದರಲ್ಲಿ ಇದ್ದಾನೆ. ನಾನು ಹೇಳಿದ್ದೆಲ್ಲ ಕೇಳಿ ಮೊದಲು ಅಂದದ್ದು, "ಕೀಬೋರ್ಡಿಂದ ಕೈ ತೆಗಿ. ಫಾರ್ಮ್ಯಾಟ್ ಕೊಟ್ಟಿಲ್ಲ ತಾನೆ?" ಕೊಟ್ಟಿರಲಿಲ್ಲ. "ಹಂಗಾದ್ರೆ ಬದುಕಿದೆ. ಒಂದು ಬೈಟೂ ಬರೀಬೇಡ ಅದರ ಮೇಲೆ."

ನಾನು ಅಳಿಸಿದ್ದು ಪಟ್ಟಿಯನ್ನು ಮಾತ್ರ. ಜಿಪಿಟಿ ಅನ್ನೋ ಈಗಿನ ಪದ್ಧತಿಯಲ್ಲಿ ಆ ಪಟ್ಟಿ ಡಿಸ್ಕಿನ ಮೊದಲ 34 ಸೆಕ್ಟರಿನಲ್ಲಿ ಕೂರುತ್ತೆ, ಅಂದರೆ ಬರೀ 17 ಕೆಬಿ. ಅದರ ನಕಲೊಂದು ಡಿಸ್ಕಿನ ತುತ್ತತುದಿಯಲ್ಲಿ ಇರುತ್ತೆ. ನನ್ನ ಕಮಾಂಡು ಎರಡನ್ನೂ ಹೊಸದಾಗಿ ಬರೆದಿತ್ತು, ಹಾಗಾಗಿ ನಕಲೂ ಉಪಯೋಗಕ್ಕೆ ಬರಲಿಲ್ಲ. ಆದರೆ ಮೊದಲ ಪಾಲು ಶುರುವಾಗುವುದು ಸಾಮಾನ್ಯವಾಗಿ 2048ನೇ ಸೆಕ್ಟರಿನಿಂದ. ನಡುವೆ ಸುಮಾರು ಒಂದು ಎಂಬಿ ಖಾಲಿ ಬಿಟ್ಟಿರ್ತಾರೆ. ಆ ಖಾಲಿ ಪಟ್ಟಿ ನನ್ನ ಪುಣ್ಯ. ಫೋಟೊ ಒಂದನ್ನೂ ನಾನು ಮುಟ್ಟಿರಲಿಲ್ಲ. ಎಲ್ಲಿಂದ ಎಲ್ಲಿಯವರೆಗೆ ಏನಿದೆ ಅನ್ನೋ ಲೆಕ್ಕ ಮಾತ್ರ ಕಳೆದುಹೋಗಿತ್ತು.

ಗೆಳೆಯನ ಎರಡನೇ ಅಪ್ಪಣೆ, "ಹಳೇದರ ಮೇಲೆ ಏನೂ ಪ್ರಯೋಗ ಮಾಡಬೇಡ. ಹೊಸ ಡಿಸ್ಕಿಗೆ ಇಡೀ ನಕಲು ತೆಗಿ, ಆಮೇಲೆ ನಕಲಿನ ಮೇಲೆ ಏನಾದ್ರೂ ಮಾಡ್ಕೊ." ಡಿಡಿರೆಸ್ಕ್ಯೂ ಅನ್ನೋ ತಂತ್ರಾಂಶ ಹಚ್ಚಿದೆ. ಇದು ಫೈಲು ಪೈಲು ನೋಡಲ್ಲ, ಮೊದಲ ಸೆಕ್ಟರಿನಿಂದ ಕೊನೆಯವರೆಗೆ ಇದ್ದದ್ದು ಇದ್ದಹಾಗೆ ಎತ್ತಿ ಹಾಕುತ್ತೆ. 4 ಟಿಬಿ ಮುಗಿಯಲು ಎಂಟು ಗಂಟೆ ಮೇಲೆ ಬೇಕು ಅಂತ ತೋರಿಸಿತು.

ಹನ್ನೆರಡೂವರೆಗೆ ಮಳೆ ಬಂತು. ಮೇ ತಿಂಗಳ ಮಳೆ ಗೊತ್ತಲ್ಲ, ಮೊದಲು ಗಾಳಿ, ಆಮೇಲೆ ಸಿಡಿಲು, ಆಮೇಲೆ ಕರೆಂಟು ಹೋಗೋದು. ಕರೆಂಟು ಹೋಯಿತು. ಪುಣ್ಯಕ್ಕೆ ನ್ಯಾಸ್ ಇನ್‌ವರ್ಟರ್ ಲೈನಿನಲ್ಲಿತ್ತು. ಆ ಇನ್‌ವರ್ಟರ್ ಬ್ಯಾಟರಿಗೆ ಐದು ವರ್ಷ ವಯಸ್ಸು, ಎಷ್ಟು ಹೊತ್ತು ಎಳೆಯುತ್ತೋ ಗೊತ್ತಿಲ್ಲ. ಕೆಳಗಿಳಿದು ಒಂದೊಂದೇ ಲೈಟು ಆರಿಸುತ್ತಿದ್ದಾಗ ಅಪ್ಪ ಎದ್ದು ಕೂತರು. ಕತ್ತಲಲ್ಲಿ ನಿಂತು ಎಲ್ಲ ಹೇಳಿದೆ. ಬೈತಾರೆ ಅಂದುಕೊಂಡಿದ್ದೆ.

"ಬಾಂದುಕಲ್ಲು ಕಿತ್ತಿದೀಯ ಅಂತಾಯ್ತು" ಅಂದರು. "ಕಲ್ಲು ಕಿತ್ರೆ ಮಣ್ಣೆಲ್ಲೂ ಹೋಗಲ್ಲ. ಯಾರೂ ಅದರ ಮೇಲೆ ನೇಗಿಲು ಹೂಡದಂಗೆ ನೋಡ್ಕೊ, ಅಷ್ಟೇ. ಸರ್ವೆಯೋನು ಬಂದು ಅಳೆದ್ರೆ ಮತ್ತೆ ಸಿಗುತ್ತೆ."

ಎಂಟು ವರ್ಷ ಎಂಜಿನಿಯರ್ ಆಗಿ ಕೆಲಸ ಮಾಡಿದ ನನಗೆ ಇದಕ್ಕಿಂತ ಚೆನ್ನಾಗಿ ಅದನ್ನು ಹೇಳೋಕೆ ಬರಲ್ಲ. ಆಮೇಲೆ ಅವರು ಎದ್ದು ಎರಡೂ ಕೋಣೆಯ ಫ್ಯಾನು ಆರಿಸಿದರು. ಆ ಸೆಕೆಯಲ್ಲಿ, ಸೊಳ್ಳೆಯಲ್ಲಿ, ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತಾ ಕೂತರು. ಎರಡೂಮುಕ್ಕಾಲಿಗೆ ಕರೆಂಟು ಬಂತು. ಅಲ್ಲಿಯವರೆಗೂ ಮಲಗಲಿಲ್ಲ.

ಬೆಳಿಗ್ಗೆ ಒಂಬತ್ತರ ಮೇಲೆ ನಕಲು ಮುಗಿಯಿತು. ಅದರ ಮೇಲೆ ಟೆಸ್ಟ್‌ಡಿಸ್ಕ್ ಓಡಿಸಿದೆ. ಇದೇ ನಮ್ಮ ಸರ್ವೆಯವನು. ಪ್ರತಿ ಪಾಲಿನ ಶುರುವಿನಲ್ಲಿ ಆ ಫೈಲ್‌ಸಿಸ್ಟಂ ತನ್ನ ಹೆಸರು, ಅಳತೆ ಬರೆದುಕೊಂಡಿರುತ್ತೆ, ಅದಕ್ಕೆ ಸೂಪರ್‌ಬ್ಲಾಕ್ ಅಂತಾರೆ. ಅದರ ಪ್ರತಿಗಳನ್ನು ಪಾಲಿನ ಒಳಗೆ ಅಲ್ಲಲ್ಲಿ ಬಚ್ಚಿಟ್ಟಿರುತ್ತೆ ಕೂಡ. ಟೆಸ್ಟ್‌ಡಿಸ್ಕ್ ಹೊಲದುದ್ದಕ್ಕೂ ನಡೆದು ಆ ಗುರುತುಗಳನ್ನು ಹುಡುಕಿ, ಇಲ್ಲೊಂದು ಪಾಲಿತ್ತು, ಇಷ್ಟುದ್ದ ಇತ್ತು ಅಂತ ಹೇಳುತ್ತೆ. ಸ್ಕ್ರೀನಿನ ಮೇಲೆ ಒಂದಾದ ಮೇಲೊಂದು ಮೂರು ಸಾಲು ಬಂದವು. ನಾನೇ ಇಟ್ಟ ಹೆಸರುಗಳು. ಪಟ್ಟಿ ಬರೆಯಿಸಿ, ಮರು ಬೂಟ್ ಮಾಡಿ, ಬರೀ ಓದುವ ಹಾಗೆ ತೆರೆದು ನೋಡಿದರೆ ಫೋಟೊಗಳೆಲ್ಲ ಇದ್ದವು.

ಅಮ್ಮ ಕಾಫಿ ತಂದು, "ಸಿಕ್ತಾ ನಿನ್ನ ಪಾರ್ಟಿಷನ್ನು?" ಅಂದಳು.

ಕಥೆ ಇಲ್ಲಿಗೆ ಮುಗಿದಿದ್ದರೆ ಇದನ್ನು ಆಫೀಸಿನ ಗ್ರೂಪಿನಲ್ಲಿ ಹಾಕಿ ನಕ್ಕು ಸುಮ್ಮನಾಗ್ತಿದ್ದೆ.

ಎಲ್ಲ ಸರಿ ಇದೆಯಾ ಅಂತ ನೋಡಲು ಮೊದಲು ತೆರೆದದ್ದು ಅಜ್ಜಿಯ ವಿಡಿಯೊ. ಅಜ್ಜಿ ತೀರಿಕೊಂಡದ್ದು 2016ರಲ್ಲಿ. ಪಾಲಾದ ಮೇಲೆ ಅವಳು ಚಿಕ್ಕಪ್ಪನ ಜತೆಗೇ ಗುಬ್ಬಿಯಲ್ಲಿ ಉಳಿದಳು. ಅಪ್ಪನಿಗೆ ನೋಡಬೇಕು ಅನ್ನಿಸಿದಾಗ ನಾನೋ ಅಕ್ಕನೋ ಹೋಗಿ ಅವಳನ್ನೇ ತುಮಕೂರಿಗೆ ಕರೆತರುತ್ತಿದ್ದೆವು. ಅವಳ ತವರು ಕುಣಿಗಲ್ ಕಡೆ. ಕುಣಿಗಲ್ ಕೆರೆಯ ಮೇಲಿನ ಆ ಜನಪದ ಹಾಡು ನಿಮಗೆಲ್ಲ ಗೊತ್ತು. ಅಜ್ಜಿ ಹಾಡುತ್ತಿದ್ದ ಧಾಟಿ ಮಾತ್ರ ನಾವು ರೇಡಿಯೊದಲ್ಲಿ ಕೇಳುವುದಲ್ಲ. ನಿಧಾನ, ಮೂಗಿನಲ್ಲಿ ಸ್ವಲ್ಪ, ಮಧ್ಯೆ ಮಧ್ಯೆ ಎಲೆಯಡಿಕೆ ಒತ್ತರಿಸಿಕೊಳ್ಳಲು ಗ್ಯಾಪು. 2014ರಲ್ಲಿ ಚಿಕ್ಕಪ್ಪನ ಮಗಳು ಅದನ್ನು ವಿಡಿಯೊ ಮಾಡಿ ನನಗೆ ವಾಟ್ಸ್ಆ್ಯಪ್ ಮಾಡಿದ್ದಳು.

ಅದನ್ನು ನಾನು ಫೋನಿನಿಂದ ಫೋನಿಗೆ, ಅಲ್ಲಿಂದ ಲ್ಯಾಪ್‌ಟಾಪಿಗೆ, ಅಲ್ಲಿಂದ ನ್ಯಾಸ್‌ಗೆ ಜೋಪಾನವಾಗಿ ಸಾಗಿಸುತ್ತಾ ಬಂದಿದ್ದೆ. ಜೋಪಾನವಾಗಿ ಕೊನೆಯವರೆಗೆ ನೋಡಿರಲಿಲ್ಲ. ಮೊದಲ ನಿಮಿಷ ನೋಡಿದರೆ ಗಂಟಲು ಕಟ್ಟುತ್ತೆ, ಅಲ್ಲಿಗೆ ನಿಲ್ಲಿಸಿಬಿಡ್ತಿದ್ದೆ. ಆವತ್ತು ಪೂರ್ತಿ ನೋಡಿದೆ. ಮೂರು ನಿಮಿಷ ಚಿಲ್ಲರೆಗೆ, ಹಾಡಿನ ಸಾಲಿನ ನಡುವೆ, ಅಜ್ಜಿಯ ಬಾಯಿ ತೆರೆದಿರುವಾಗಲೇ ನಿಂತುಹೋಯಿತು.

ರಿಕವರಿಯಲ್ಲಿ ಕೆಟ್ಟಿದೆ ಅಂದುಕೊಂಡೆ. ಫೈಲಿನ ಅಳತೆ ನೋಡಿದೆ: 16 ಎಂಬಿಗೆ ಸ್ವಲ್ಪ ಕಡಿಮೆ. ಆಗ ಹೊಳೆಯಿತು. ಆ ಕಾಲದಲ್ಲಿ ವಾಟ್ಸ್ಆ್ಯಪ್‌ನಲ್ಲಿ 16 ಎಂಬಿಗಿಂತ ದೊಡ್ಡ ವಿಡಿಯೊ ಕಳಿಸೋಕಾಗ್ತಿರಲಿಲ್ಲ. ಕತ್ತರಿಸಿ ಕಳಿಸಬೇಕಿತ್ತು. ಡಿಸ್ಕು ಏನೂ ಕೆಡಿಸಿರಲಿಲ್ಲ. ನಾನು ಒಂಬತ್ತು ವರ್ಷದಿಂದ ಕಾಪಾಡಿಕೊಂಡು ಬಂದದ್ದೇ ತುಂಡನ್ನು.

ತಂಗಿಗೆ ಫೋನ್ ಮಾಡಿದೆ. "ಹೌದಣ್ಣ, ಪೂರ್ತಿ ಹನ್ನೊಂದು ನಿಮಿಷ ಇತ್ತು. ಆ ಫೋನ್ ಕೆಟ್ಟೋಯ್ತು. ಮೆಮೊರಿ ಕಾರ್ಡ್ ಅಪ್ಪನ ಬೀರೂಲಿ ಇರಬೇಕು, ಬಂದು ತಗೊಂಡೋಗು" ಅಂದಳು.

ತುಮಕೂರಿನಿಂದ ಗುಬ್ಬಿಗೆ 20 ಕಿ.ಮೀ. ಆಸುಪಾಸು, ಬೈಕಿನಲ್ಲಿ ಅರ್ಧ ಗಂಟೆ. ಭಾನುವಾರ ಒಬ್ಬನೇ ಹೋದೆ. ಚಿಕ್ಕಪ್ಪ ಕೊಟ್ಟಿಗೆಯ ಹತ್ತಿರ ಇದ್ದರು. "ಬಾರಪ್ಪ, ದಾರಿ ತಪ್ಪಿ ಬಂದ್ಯಾ?" ಅಂದರು. ಚಿಕ್ಕಮ್ಮ ಚೇಳೂರು ಕಡೆಯ ಹಲಸಿನ ಹಣ್ಣು ಬಿಡಿಸಿ ತಟ್ಟೆ ತುಂಬ ಇಟ್ಟರು. ಮಾತು ಹೊಸ ಹೆಲಿಕಾಪ್ಟರ್ ಕಾರ್ಖಾನೆ ಮೇಲೆ ಹೋಯಿತು. ನಮ್ಮ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನವರದು ಆ ಫೆಬ್ರುವರಿಯಲ್ಲಷ್ಟೇ ಉದ್ಘಾಟನೆ ಆಗಿತ್ತು. ಜಮೀನಿನ ರೇಟು ಎಲ್ಲಿಗೆ ಹೋಗುತ್ತೆ ಅನ್ನೋದು ಆಗ ಎಲ್ಲರ ಬಾಯಲ್ಲಿದ್ದ ಮಾತು. ನಾನು ಬೋರ್‌ವೆಲ್ ಕಡೆ ನೋಡಿದ್ದನ್ನು ಗಮನಿಸಿ ಅವರೇ ಅಂದರು, "ಅದಾ? 2019ರಲ್ಲೇ ನಿಂತೋಯ್ತು. ಬರೀ ಗಾಳಿ ಬತ್ತೈತೆ."

ಬೀರುವಿನಲ್ಲಿ ಅಜ್ಜಿಯ ಕನ್ನಡಕದ ಡಬ್ಬಿಯೊಳಗೆ ಮೆಮೊರಿ ಕಾರ್ಡು ಇತ್ತು. 8 ಜಿಬಿಯದು, ಉಗುರಿನಷ್ಟು. ಡಬ್ಬಿಯ ಸಮೇತ ಕೊಟ್ಟರು.

ಇಂಥ ಕಾರ್ಡುಗಳಲ್ಲಿ ಮಾಹಿತಿ ನಿಲ್ಲುವುದು ವಿದ್ಯುತ್ ಕಣಗಳ ರೂಪದಲ್ಲಿ. ವರ್ಷಗಟ್ಟಲೆ ಕರೆಂಟು ಕಾಣದೆ ಬಿದ್ದಿದ್ದರೆ ನಿಧಾನವಾಗಿ ಸೋರಿಹೋಗಬಹುದು. ಫೋಟೊ ತುಂಬಿದ ಹಳೇ ಪೆನ್‌ಡ್ರೈವು, ಕಾರ್ಡು ನಿಮ್ಮ ಡ್ರಾಯರಿನಲ್ಲಿದ್ದರೆ ಈ ವಾರವೇ ತೆಗೆದು ಒಂದು ನಕಲು ಮಾಡಿಕೊಳ್ಳಿ. ಈ ಸಲ ನಾನು ಕಾರ್ಡನ್ನು ತೆರೆದು ಇಣುಕಲೂ ಇಲ್ಲ. ನೇರವಾಗಿ ಡಿಡಿರೆಸ್ಕ್ಯೂ ಹಾಕಿ ಇಡೀ ಕಾರ್ಡಿನ ನಕಲು ತೆಗೆದೆ. ಕೆಲವು ಕಡೆ ಓದಲಾಗದೆ ಮತ್ತೆ ಮತ್ತೆ ಪ್ರಯತ್ನಿಸಿತು, ಒಂದಿಷ್ಟು ಜಾಗ ಕೊನೆಗೂ ಸಿಗಲಿಲ್ಲ. ವಿಡಿಯೊ ಸಿಕ್ಕಿತು. ಒಂದು ಕಡೆ ಚಿತ್ರ ಹಸಿರು ಚೌಕವಾಗಿ ಒಡೆಯುತ್ತೆ, ದನಿ ಒಡೆಯಲ್ಲ.

ನಡುಮನೆಯ ಟಿವಿಯಲ್ಲಿ ಹಾಕಿದೆ. ಅಪ್ಪ, ಅಮ್ಮ, ನಾನು. ಹಾಡು ಏಳು ನಿಮಿಷಕ್ಕೆ ಮುಗಿಯುತ್ತೆ. ತಂಗಿ ರೆಕಾರ್ಡಿಂಗ್ ನಿಲ್ಲಿಸೋದು ಮರೆತಿದ್ದಾಳೆ. ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡು ತೆಂಗಿನ ಫಸಲು, ಕರುವಿನ ಭೇದಿ ಅಂತ ಏನೇನೋ ಮಾತಾಡುತ್ತಾಳೆ. ಹೊರಗೆ ಯಾವುದೋ ಗಾಡಿಯ ಸದ್ದು. ಅಜ್ಜಿ ಬಾಗಿಲ ಕಡೆ ತಿರುಗಿ, "ದೊಡ್ಡೋನು ಬಂದ್ನೇನ್ಲಾ?" ಅನ್ನುತ್ತಾಳೆ. ಚಿತ್ರದಲ್ಲಿ ಕಾಣದ ಚಿಕ್ಕಪ್ಪನ ದನಿ, "ಇಲ್ಲ ಕಣವ್ವ. ಬತ್ತಾನೆ ಸುಮ್ಕಿರು."

ಅಪ್ಪ ಏನೂ ಮಾತಾಡಲಿಲ್ಲ. ರಿಮೋಟ್ ಕೇಳಿ ತಗೊಂಡರು, ಹಿಂದಕ್ಕೆ ಹಾಕಲು ಬರಲಿಲ್ಲ, ನನ್ನ ಕೈಗೆ ವಾಪಸ್ ಕೊಟ್ಟರು.

ಮುಂದಿನ ಭಾನುವಾರ ಕಾರ್ಡು ವಾಪಸ್ ಕೊಡಲು ಹೊರಟೆ. ಜತೆಗೆ ಒಂದು ಪೆನ್‌ಡ್ರೈವಿನಲ್ಲಿ ವಿಡಿಯೊ ಮತ್ತು ಹಳೇ ಫೋಟೊಗಳು. ನನ್ನ ಡಿಸ್ಕುಗಳ ಇಎಕ್ಸ್‌ಟಿ4 ಫಾರ್ಮ್ಯಾಟು ಸಾಮಾನ್ಯವಾಗಿ ಟಿವಿಗಳಿಗೆ ಅರ್ಥವಾಗಲ್ಲ. ಫ್ಯಾಟ್32 ಆದರೆ 4 ಜಿಬಿಗಿಂತ ದೊಡ್ಡ ಫೈಲು ಹಿಡಿಯಲ್ಲ, ಅಕ್ಕನ ಮದುವೆ ವಿಡಿಯೊ ಅದಕ್ಕಿಂತ ದೊಡ್ಡದು. ಹಾಗಾಗಿ ಎಕ್ಸ್‌ಫ್ಯಾಟ್ ಮಾಡಿದ್ದೆ. ಬೈಕ್ ಸ್ಟಾರ್ಟ್ ಮಾಡುವಾಗ ಅಪ್ಪ ಇಸ್ತ್ರಿ ಶರ್ಟು ಹಾಕಿಕೊಂಡು ಹೊರಗೆ ಬಂದು, "ಕಾರ್ ತೆಗಿ" ಅಂದರು.

ಅಲ್ಲಿ ಏನಾಯಿತು ಅಂತ ಬಹಳ ಬರೆಯುವಂಥದ್ದಿಲ್ಲ. ಅಳು, ಅಪ್ಪುಗೆ ಯಾವುದೂ ಇಲ್ಲ, ನಮ್ಮ ಕಡೆಯವರು ಹಾಗೆಲ್ಲ ಮಾಡಲ್ಲ. ಚಿಕ್ಕಪ್ಪ ಎದ್ದು ನಿಂತು "ಬಾ ಅಣ್ಣ" ಅಂದರು. ಕುರ್ಚಿ ಮೇಲಿದ್ದ ಬಟ್ಟೆ ತೆಗೆದರು. ಅಪ್ಪ ಕೂತರು. ಪೆನ್‌ಡ್ರೈವ್ ಹಾಕಿ ಎಲ್ಲರೂ ನೋಡಿದೆವು. ಆ ಮಾತು ಬಂದಾಗ ಇಬ್ಬರೂ ಟಿವಿಯನ್ನೇ ನೋಡುತ್ತಿದ್ದರು. ಊಟಕ್ಕೆ ಹುರುಳಿಕಾಳಿನ ಸಾರು, ಮುದ್ದೆ. ಹೊರಡುವಾಗ ಚಿಕ್ಕಪ್ಪ ಡಿಕ್ಕಿಯಲ್ಲಿ ಒಂದು ಚೀಲ ತೆಂಗಿನಕಾಯಿ ಹಾಕಿಸಿದರು. ಬೇಡ ಅಂತ ಅಪ್ಪ ಅನ್ನಲಿಲ್ಲ.

ನ್ಯಾಸ್ ಈಗ ಹೇಗಿದೆ ಅಂತ ಕೇಳುವವರಿಗೆ. ಪಾಲುಗಳೆಲ್ಲ ಹೋದವು. ಒಂದು ಡಿಸ್ಕಿಗೆ ಒಂದೇ ಪಾರ್ಟಿಷನ್, ಒಳಗೆ ಫೋಲ್ಡರುಗಳು, ಯಾರಿಗೆ ಯಾವುದರ ಬಾಗಿಲು ತೆರೆಯಬೇಕು ಅಂತ ಅನುಮತಿ, ಅಷ್ಟೇ. ಡಿಸ್ಕಿನ ಮೇಲೆ ಅದರ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರಗಳನ್ನು ದೊಡ್ಡದಾಗಿ ಬರೆದು ಅಂಟಿಸಿದ್ದೀನಿ, ಕಮಾಂಡು ಕೊಡುವಾಗಲೂ ಎ, ಬಿ ಅಂತ ಕರೆಯಲ್ಲ, ಆ ನಂಬರಿನಿಂದಲೇ ಕರೀತೀನಿ.

ಎರಡು ಡಿಸ್ಕು ಇದ್ದ ಮೇಲೆ ರೇಯ್ಡ್ ಹಾಕಿ ಮಿರರ್ ಮಾಡಬಾರದೇ ಅಂತ ಆಫೀಸಿನ ಹುಡುಗನೊಬ್ಬ ಕೇಳಿದ. 1988ರಲ್ಲಿ ಬರ್ಕ್‌ಲಿಯ ಪ್ಯಾಟರ್‌ಸನ್, ಗಿಬ್ಸನ್, ಕಾಟ್ಜ್ ಆ ಹೆಸರಿಟ್ಟು ಪ್ರಬಂಧ ಬರೆದಾಗ ಅವರ ತಲೆಯಲ್ಲಿದ್ದದ್ದು ಡಿಸ್ಕು ಸತ್ತರೆ ಏನು ಗತಿ ಅನ್ನೋದು. ಡಿಸ್ಕು ಸತ್ತರೆ ಮಿರರ್ ಕಾಪಾಡುತ್ತೆ, ನಿಜ. ಆದರೆ ನನ್ನ ಮನೆಯಲ್ಲಿ ಡಿಸ್ಕು ಸತ್ತಿರಲಿಲ್ಲ, ನನ್ನ ಬುದ್ಧಿ ಸತ್ತಿತ್ತು. ನಾನು ಒಂದು ಫೋಟೊ ಅಳಿಸಿದರೆ ಕನ್ನಡಿಯೊಳಗಿನವನೂ ಆ ಕ್ಷಣವೇ ಅಳಿಸುತ್ತಾನೆ. ಆಫೀಸಿಗೆ ಬೇಕು, ಮನೆಗೆ ಬೇಡ ಅನ್ನೋದು ನನ್ನ ಅಭಿಪ್ರಾಯ. ಎರಡನೇ ಡಿಸ್ಕಿಗೆ ದಿನಾ ರಾತ್ರಿ ಎರಡು ಗಂಟೆಗೆ ಬೇರೆಯಾಗಿ ನಕಲಾಗುತ್ತೆ, ಹಿಂದಿನ 30 ದಿನದ ಸ್ಥಿತಿಯೂ ಉಳಿಯುತ್ತೆ.

ಇವೆರಡೂ ಇರುವುದು ಒಂದೇ ಡಬ್ಬದಲ್ಲಿ. ಸಿಡಿಲು ಹೊಡೆದರೆ ಒಟ್ಟಿಗೇ ಹೋಗ್ತವೆ. ಅದಕ್ಕೆ ಮೂರನೇದು ಬೇರೆ ಊರಿನಲ್ಲಿರಬೇಕು. ಅಮ್ಮನ ತವರೂ ಕುಣಿಗಲ್. ಅಜ್ಜಿ ತನ್ನ ಕಡೆಯ ಹುಡುಗಿಯನ್ನೇ ಸೊಸೆಯಾಗಿ ತಂದುಕೊಂಡದ್ದು. ಅಲ್ಲಿ ಸೋದರಮಾವನ ಮನೆಯ ಬೀರುವಿನಲ್ಲಿ ಒಂದು ಡಿಸ್ಕು ಇದೆ. ಪಹಣಿ, ಆಧಾರ್ ಎಲ್ಲ ಇರೋದರಿಂದ ಲಕ್ಸ್ ಹಾಕಿ ಬೀಗ ಹಾಕಿದ್ದೀನಿ, ಕಳುವಾದರೂ ತೆರೆಯೋಕಾಗಲ್ಲ. ಪಾಸ್‌ವರ್ಡು ಮರೆತರೆ ನಾವೂ ತೆರೆಯೋಕಾಗಲ್ಲ, ಅದಕ್ಕೇ ಅದನ್ನು ಕಾಗದದಲ್ಲಿ ಬರೆದು ಅಮ್ಮನಿಗೆ ಕೊಟ್ಟಿದ್ದೀನಿ. ಯಾವ ಸೀರೆಯ ಮಡಿಕೆಯಲ್ಲಿ ಇಟ್ಟಿದ್ದಾಳೋ ನನಗೂ ಹೇಳಿಲ್ಲ.

ಮೂರು ತಿಂಗಳಿಗೊಮ್ಮೆ ಒಂದು ಡಿಸ್ಕು ಒಯ್ದು, ಅಲ್ಲಿರೋದನ್ನು ತರಬೇಕು. ಮೊದಮೊದಲು ಮಾವ "ಇದರೊಳಗೇನೈತಪ್ಪ, ಚಿನ್ನವಾ?" ಅಂತ ರೇಗಿಸುತ್ತಿದ್ದರು. ಒಂದು ಸಲ ಲ್ಯಾಪ್‌ಟಾಪಿಗೆ ಹಚ್ಚಿ ಅಜ್ಜಿಯ ಹಾಡು ಕೇಳಿಸಿದೆ. ಸಾಲೊಂದು ಬಂದಾಗ ತಡೆದು, "ಇದು ನಮ್ಮೂರ ಧಾಟಿ ಕಣೋ, ನಮ್ಮವ್ವನೂ ಹಿಂಗೇ ಎಳೀತಿತ್ತು" ಅಂದರು. ಸಂಜೆ ಕೆರೆ ಏರಿಯ ಮೇಲೆ ಕರೆದುಕೊಂಡು ಹೋಗಿ, ಅಜ್ಜಿಯ ತವರು ಯಾವ ದಿಕ್ಕಿಗೆ ಅಂತ ತೋರಿಸಿದರು.

ಈ ತಿಂಗಳ ಕೊನೆಯ ಭಾನುವಾರ ಮತ್ತೆ ಡಿಸ್ಕು ಬದಲಿಸುವ ದಿನ. ಹಳೇ ಡಿಸ್ಕಿನ ಸ್ಮಾರ್ಟ್ ವರದಿಯಲ್ಲಿ ಕೆಟ್ಟು ಬದಲಾದ ಸೆಕ್ಟರುಗಳ ಲೆಕ್ಕ ಸೊನ್ನೆಯಿಂದ 8ಕ್ಕೆ ಏರಿದೆ, ಹಾಗಾಗಿ ಕುಣಿಗಲ್‌ಗೆ ಈ ಸಲ ಹೊಸದನ್ನೇ ಒಯ್ಯಬೇಕು. ಅಪ್ಪ ತಾವೂ ಬರ್ತಾರಂತೆ. ಗುಬ್ಬಿಗೆ ಹೋಗಿ ಚಿಕ್ಕಪ್ಪನನ್ನು ಹತ್ತಿಸಿಕೊಂಡು ಹೋಗೋಣ ಅಂದರು. ಗುಬ್ಬಿ ಒಂದು ದಿಕ್ಕು, ಕುಣಿಗಲ್ ಇನ್ನೊಂದು ದಿಕ್ಕು, ಸುತ್ತಾಗುತ್ತಲ್ಲ ಅಂದೆ. "ಪೆಟ್ರೋಲ್ ನಾನು ಹಾಕಿಸ್ತೀನಿ" ಅಂದರು.